ದಾರಿ ಸವೆಸದೆ ಊರು ಸೇರುವುದು

2021ರ ನವೆಂಬರ್ ತಿಂಗಳಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ತನ್ನ ಮೂರು ಹಳೆಯ ವಿಡಿಯೊ ಗೇಮ್‌ಗಳಿಗೆ ಹೊಸ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿತು. ಅವುಗಳಲ್ಲೊಂದು 2004ರ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’. ಹಳೆಯದನ್ನು ಆಡಿ ಬೆಳೆದವರ ನೆನಪಿನಲ್ಲಿ ಅದೊಂದು ಇಡೀ ರಾಜ್ಯ: ಮೂರು ದೊಡ್ಡ ನಗರಗಳು, ನಡುವೆ ಹೊಲ, ಕಾಡು, ಮರುಭೂಮಿ, ಚಿಲಿಯಾಡ್ ಎಂಬ ಎತ್ತರದ ಬೆಟ್ಟ. ಹೊಸ ಆವೃತ್ತಿಯಲ್ಲಿ ಆ ಬೆಟ್ಟದ ನೆತ್ತಿಯಿಂದಲೋ ವಿಮಾನದಿಂದಲೋ ಕೆಳಗೆ ನೋಡಿದವರು ಪೆಚ್ಚಾದರು. ಈ ತುದಿಯ ನಗರ, ಆ ತುದಿಯ ನಗರ, ನಡುವಿನ ಮರುಭೂಮಿ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕಿಬಿಟ್ಟವು. ದಸರೆಯಲ್ಲಿ ಗೊಂಬೆ ಕೂರಿಸುವಾಗ ಮೆಟ್ಟಿಲ ಪಕ್ಕ ರಾಗಿ ಪೈರು ಬೆಳೆಸಿ ಪುಟ್ಟದೊಂದು ಊರು ಮಾಡುತ್ತಾರಲ್ಲ, ಇಡೀ ರಾಜ್ಯ ಹಾಗೆ ಕಾಣುತ್ತಿತ್ತು.

ನಕ್ಷೆ ಒಂದಡಿಯೂ ಕುಗ್ಗಿರಲಿಲ್ಲ. ಕಾಣೆಯಾಗಿದ್ದುದು ಮಬ್ಬು ಮಾತ್ರ. 2004ರ ಪ್ಲೇಸ್ಟೇಷನ್ 2 ಯಂತ್ರಕ್ಕೆ ದೂರದ ಕಟ್ಟಡಗಳನ್ನೆಲ್ಲ ಒಟ್ಟಿಗೆ ಬಿಡಿಸಿ ತೋರಿಸುವ ತಾಕತ್ತಿರಲಿಲ್ಲ. ಹಾಗಾಗಿ ಒಂದಷ್ಟು ದೂರದಾಚೆಗೆ ಎಲ್ಲವನ್ನೂ ಹೊಗೆಯಂಥ ಮಬ್ಬಿನಲ್ಲಿ ಮುಚ್ಚಿದ್ದರು. ರಸ್ತೆಗಳನ್ನು ನೇರವಾಗಿ ಎಳೆಯದೆ ಬೆಟ್ಟ ಬಳಸಿ, ಹೊಳೆ ಸುತ್ತಿ ಕೊಂಡೊಯ್ದಿದ್ದರು. ಕತೆ ಒಂದು ಹಂತಕ್ಕೆ ಬರುವವರೆಗೆ ಮುಂದಿನ ನಗರದ ಸೇತುವೆಗಳೇ ತೆರೆಯುತ್ತಿರಲಿಲ್ಲ. ಅಭಿಮಾನಿಗಳು ಅಳೆದು ಹೇಳುವ ಪ್ರಕಾರ ಆ ‘ರಾಜ್ಯ’ದ ವಿಸ್ತೀರ್ಣ ಸುಮಾರು 36 ಚದರ ಕಿ.ಮೀ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೆಯ ಮುಂಬೈಯ ಹೆಚ್ಚುಕಡಿಮೆ ಅರ್ಧದಷ್ಟು. ಅಷ್ಟು ಜಾಗವನ್ನು ರಾಜ್ಯವೆಂದು ನಂಬಿಸಿದ್ದು ಮಬ್ಬು, ತಿರುವು ಮತ್ತು ಕಾಯುವಿಕೆ. ಯಂತ್ರ ಬಲವಾದಾಗ ಮಬ್ಬನ್ನು ತೆಗೆದರು, ಗುಟ್ಟು ರಟ್ಟಾಯಿತು. ಮುಂದಿನ ಅಪ್‌ಡೇಟ್‌ಗಳಲ್ಲಿ ಮಬ್ಬನ್ನು ಮರಳಿ ತರಬೇಕಾಯಿತು; 2024ರ ನವೆಂಬರ್‌ನಲ್ಲಿ ಹಳೆಯ ಬೆಳಕಿನ ವಿನ್ಯಾಸವನ್ನೇ ಒಂದು ಆಯ್ಕೆಯಾಗಿ ಕೊಟ್ಟರು.

‘ಓಪನ್ ವರ್ಲ್ಡ್’ ಎಂದು ಕರೆಸಿಕೊಳ್ಳುವ ಈ ಬಗೆಯ ಆಟಗಳನ್ನು ಮಾರುವಾಗ ಮೊದಲು ಹೇಳುವುದೇ ಅಳತೆಯ ಲೆಕ್ಕ: ಇಷ್ಟು ಚದರ ಕಿ.ಮೀ., ಇಷ್ಟು ಊರು, ಇಷ್ಟು ಗ್ರಹ. ಆದರೆ ಒಂದು ಜಾಗ ದೊಡ್ಡದು ಎಂಬ ಅನಿಸಿಕೆ ಹುಟ್ಟುವುದು ಅದನ್ನು ದಾಟಲು ಏನು ತೆರಬೇಕು ಎಂಬುದರಿಂದ. ಹೊತ್ತು, ಹಣ, ಅಪಾಯ, ದಾರಿ ನೆನಪಿಟ್ಟುಕೊಳ್ಳುವ ಶ್ರಮ, ಇವುಗಳಲ್ಲಿ ಏನೋ ಒಂದನ್ನು ಕೊಡಬೇಕು. ಈ ಬೆಲೆಯನ್ನು ಕಡಿಮೆ ಮಾಡುವ ಉಪಾಯಕ್ಕೆ ಗೇಮ್‌ಗಳ ಲೋಕದಲ್ಲಿ ‘ಫಾಸ್ಟ್ ಟ್ರಾವೆಲ್’ ಎನ್ನುತ್ತಾರೆ: ನಕ್ಷೆಯಲ್ಲಿ ಊರಿನ ಹೆಸರು ಒತ್ತಿದರೆ ಸಾಕು, ನಡುವಿನ ದಾರಿ ಮಾಯವಾಗಿ ಆಟಗಾರ ಅಲ್ಲಿರುತ್ತಾನೆ. ನಲವತ್ತು ವರ್ಷಗಳಲ್ಲಿ ಆ ಬೆಲೆ ಹೇಗೆ ಏರಿತು, ಹೇಗೆ ಇಳಿಯಿತು ಎಂದು ನೋಡಿದರೆ ಈ ಆಟಗಳ ಒಳ ಇತಿಹಾಸವೇ ಕಾಣುತ್ತದೆ.

ಇಂಧನ, ಚಂದ್ರ, ಮಂತ್ರ

1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಎಂಬ ಬಾಹ್ಯಾಕಾಶದ ಆಟವನ್ನು ಹೊರತಂದರು. ಅದು ಓಡುತ್ತಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಒಟ್ಟು ನೆನಪು 32 ಕಿಲೋಬೈಟ್. ಅಷ್ಟರಲ್ಲಿ ಎಂಟು ನಕ್ಷತ್ರಪುಂಜಗಳು, ಪ್ರತಿಯೊಂದರಲ್ಲಿ 256 ಗ್ರಹಗಳು, ಒಟ್ಟು 2,048. ಗ್ರಹಗಳ ಪಟ್ಟಿಯನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬೀಜದಂತಿದ್ದ ಕೆಲವು ಅಂಕಿಗಳಿಂದ ಲೆಕ್ಕ ಹಾಕಿ ಗ್ರಹದ ಹೆಸರು, ಜಾಗ, ಅಲ್ಲಿನ ವ್ಯಾಪಾರದ ಸ್ಥಿತಿಗತಿಯನ್ನು ಕಂಪ್ಯೂಟರ್ ಆ ಕ್ಷಣಕ್ಕೆ ಹುಟ್ಟಿಸುತ್ತಿತ್ತು. ಇದೇ ವಿಧಾನದಲ್ಲಿ ಎಣಿಕೆಗೆ ಸಿಗದಷ್ಟು ನಕ್ಷತ್ರಪುಂಜಗಳನ್ನು ಕೊಡಬಹುದಿತ್ತು, ಕರ್ತೃಗಳಿಗೂ ಆ ಆಸೆ ಇತ್ತು. ಬೇಡ ಎಂದವರು ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು. ಅಂಕಿ ಅತಿಯಾದರೆ ಎಲ್ಲವೂ ಬರೀ ಲೆಕ್ಕದ ಆಟವೆಂದು ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ ಅವರದು. ಕಂಪ್ಯೂಟರಿಗೆ ದೊಡ್ಡದಾಗುವುದು ಅಗ್ಗದ ಕೆಲಸ ಎಂಬ ಸತ್ಯ ಹೀಗೆ ಮೊದಲ ದಿನವೇ ಗೊತ್ತಿತ್ತು.

‘ಎಲೀಟ್’ನಲ್ಲೂ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬಹುದಿತ್ತು. ಆದರೆ ಟ್ಯಾಂಕು ತುಂಬಾ ಇಂಧನವಿದ್ದರೂ ಒಂದು ನೆಗೆತ ಏಳು ಜ್ಯೋತಿರ್ವರ್ಷಕ್ಕಿಂತ ದೂರ ಹೋಗುತ್ತಿರಲಿಲ್ಲ. ದೂರದ ಗ್ರಹ ತಲುಪಲು ನಡುವೆ ಎಲ್ಲೆಲ್ಲಿ ಇಳಿಯಬೇಕು, ಎಲ್ಲಿ ಇಂಧನ ತುಂಬಿಸಬೇಕು ಎಂದು ಕೂತು ಯೋಚಿಸಬೇಕಿತ್ತು. ಹಾರಿ ತಲುಪಿದ ಮೇಲೂ ನಿಲ್ದಾಣ ಇನ್ನೂ ದೂರ, ದಾರಿಯಲ್ಲಿ ದರೋಡೆಕೋರರು, ಕೊನೆಗೆ ಗಿರ್ರನೆ ತಿರುಗುವ ನಿಲ್ದಾಣದ ಕಿರಿದಾದ ಬಾಯಿಯೊಳಗೆ ಹಡಗನ್ನು ನುಗ್ಗಿಸುವ ಪರೀಕ್ಷೆ. ವೇಗ ಇತ್ತು, ಜೊತೆಗೆ ಅದರ ಬೆಲೆಯೂ ಇತ್ತು.

ಆ ಕಾಲದ ಬೇರೆ ಆಟಗಳಲ್ಲೂ ಇದೇ ರೀತಿ. 1985ರ ‘ಅಲ್ಟಿಮಾ 4’ರಲ್ಲಿ ದೂರದ ಊರುಗಳನ್ನು ಬೆಸೆಯುವ ಮಾಯಾದ್ವಾರಗಳಿದ್ದವು. ಆ ಲೋಕಕ್ಕೆ ಎರಡು ಚಂದ್ರರು. ಒಬ್ಬ ಚಂದ್ರನ ಕಲೆ ನೋಡಿ ಬಾಗಿಲು ಎಲ್ಲಿ ತೆರೆಯುತ್ತದೆಂದೂ ಇನ್ನೊಬ್ಬನದನ್ನು ನೋಡಿ ಅದು ಎಲ್ಲಿಗೆ ಒಯ್ಯುತ್ತದೆಂದೂ ತಿಳಿಯಬೇಕಿತ್ತು. ಪಂಚಾಂಗ ನೋಡಿ ಪಯಣ ಹೊರಟ ಹಾಗೆ. 1986ರ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಅರಮನೆಗೆ ಮರಳುವ ಮಂತ್ರವಿತ್ತು, ಅದನ್ನು ಕಲಿಯುವಷ್ಟು ಪಳಗಬೇಕಿತ್ತು. ಹಾಗಾಗಿ ಫಾಸ್ಟ್ ಟ್ರಾವೆಲ್ ಎಂಬುದು ಇತ್ತೀಚಿನ ಸೋಮಾರಿಗಳ ಬೇಡಿಕೆ ಎನ್ನುವ ಮಾತು ನಿಲ್ಲುವುದಿಲ್ಲ. ಅದು ಮೊದಲಿನಿಂದಲೂ ಇತ್ತು, ಆದರೆ ಆ ಲೋಕದ ಒಳಗಿನ ವಸ್ತುವಾಗಿ, ಸಂಪಾದಿಸಬೇಕಾದ ವಿದ್ಯೆಯಾಗಿ ಇತ್ತು.

ಕರ್ನಾಟಕದಷ್ಟು ದೊಡ್ಡ ಆಟ

ಈ ಕತೆ ಒಂದೇ ಕಂಪನಿಯ ಒಂದೇ ಸರಣಿಯಲ್ಲಿ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಬೆಥೆಸ್ಡ ಕಂಪನಿಯ ‘ದಿ ಎಲ್ಡರ್ ಸ್ಕ್ರೋಲ್ಸ್’ನಲ್ಲಿ. 1996ರಲ್ಲಿ ಬಂದ ಅದರ ಎರಡನೆಯ ಆಟ ‘ಡ್ಯಾಗರ್‌ಫಾಲ್’. ಅದರ ವಿಸ್ತೀರ್ಣವೆಂದು ಸಾಮಾನ್ಯವಾಗಿ ಹೇಳುವ ಅಂಕಿ ಸುಮಾರು 1,61,600 ಚದರ ಕಿ.ಮೀ. ಕರ್ನಾಟಕ ರಾಜ್ಯದ್ದು 1,91,791. ಅಂದರೆ ಬೀದರಿನಿಂದ ಚಾಮರಾಜನಗರದವರೆಗಿನ ನಾಡಿನ ಆರರಲ್ಲಿ ಐದು ಭಾಗದಷ್ಟು ನೆಲ ಒಂದು ಸಿಡಿಯಲ್ಲಿತ್ತು. ಹದಿನೈದು ಸಾವಿರ ಊರು, ಗುಡಿ, ನೆಲಮಾಳಿಗೆಗಳು. ಬಹುಪಾಲನ್ನು ‘ಎಲೀಟ್’ನಂತೆಯೇ ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸಿತ್ತು.

ಒಂದು ಊರಿಂದ ಇನ್ನೊಂದಕ್ಕೆ ನಡೆದುಹೋಗಲು ಸಾಧ್ಯವಿತ್ತು, ಆದರೆ ಹೋಗಲು ಕಾರಣವಿರಲಿಲ್ಲ. ಗಂಟೆಗಟ್ಟಲೆ ಅದೇ ಮರ, ಅದೇ ಹುಲ್ಲು. ಆದ್ದರಿಂದ ಎಲ್ಲರೂ ನಕ್ಷೆ ತೆರೆದು ಊರಿನ ಹೆಸರು ಒತ್ತುತ್ತಿದ್ದರು. ಆಗ ಪರದೆಯ ಮೇಲೆ ಒಂದು ಸಣ್ಣ ಪ್ರಶ್ನಪಟ್ಟಿ: ಎಚ್ಚರಿಕೆಯಿಂದ ಹೋಗುವಿರೋ, ಅವಸರವಾಗಿ ಹೋಗುವಿರೋ? ರಾತ್ರಿ ಛತ್ರದಲ್ಲಿ ತಂಗುವಿರೋ, ಬಯಲಲ್ಲಿ ಮಲಗುವಿರೋ? ನೆಲದ ಮೇಲೋ, ಹಡಗಿನಲ್ಲೋ? ಉತ್ತರಕ್ಕೆ ತಕ್ಕಂತೆ ಇಷ್ಟು ದಿನ, ಇಷ್ಟು ಹಣ ಎಂದು ಲೆಕ್ಕ ಬರುತ್ತಿತ್ತು. ಒಪ್ಪಿಕೊಂಡ ಕೆಲಸಗಳಿಗೆಲ್ಲ ಗಡುವಿತ್ತು. ಹತ್ತು ದಿನದ ಗಡುವಿನ ಕೆಲಸಕ್ಕೆ ಎಂಟು ದಿನದ ದಾರಿಯಾದರೆ ಹಿಂತಿರುಗುವ ಮಾತೇ ಇಲ್ಲ. ಅವಸರದಿಂದ ಉಳಿಸಿದ ದಿನಗಳಿಗೆ ಬಳಲಿ ತಲುಪುವ ದಂಡ. ನಡುವಿನ ನೆಲವನ್ನು ಕಣ್ಣಿಂದ ಯಾರೂ ನೋಡದಿದ್ದರೂ ಅದರ ಉದ್ದ ಕ್ಯಾಲೆಂಡರಿನಲ್ಲಿ ತಗಲುತ್ತಿತ್ತು. ಆದರೂ ಆ ಹಿರಿಮೆ ಒಣ ಲೆಕ್ಕದ್ದು. ಸಾವಿರಾರು ಊರಿದ್ದರೂ ಒಂದರ ಮುಖ ಇನ್ನೊಂದರಂತೆಯೇ ಇತ್ತು.

ಬಸ್ ಬದಲಿಸುವ ದ್ವೀಪ

ಮುಂದಿನ ಆಟ ‘ಮೊರೊವಿಂಡ್’ 2002ರಲ್ಲಿ ಬಂದಾಗ ಬೆಥೆಸ್ಡ ತದ್ವಿರುದ್ಧ ದಾರಿ ಹಿಡಿದಿತ್ತು. ವಾರ್ಡೆನ್‌ಫೆಲ್ ಎಂಬ ಒಂದೇ ದ್ವೀಪ, ಅಂದಾಜು 24 ಚದರ ಕಿ.ಮೀ. ಹಿಂದಿನದಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು ಚಿಕ್ಕದು. ಆದರೆ ಪ್ರತಿ ಬಂಡೆ, ಪ್ರತಿ ಮನೆ, ಮನೆಯೊಳಗಿನ ಪ್ರತಿ ಬಟ್ಟಲು ಮನುಷ್ಯರ ಕೈಯಿಂದ ಇಟ್ಟದ್ದು. ಇಂದಿಗೂ ಓಪನ್ ವರ್ಲ್ಡ್ ಆಟಗಳ ಚರ್ಚೆಯಲ್ಲಿ ‘ನಿಜವಾಗಿಯೂ ದೊಡ್ಡದು ಅನಿಸಿದ ಜಾಗ’ ಎಂದು ಹೇಳುವಾಗ ಈ ಪುಟ್ಟ ದ್ವೀಪದ ಹೆಸರು ಬರುತ್ತದೆ.

ಕಾರಣ ಅಲ್ಲಿನ ಸಂಚಾರ ವ್ಯವಸ್ಥೆ. ನಕ್ಷೆಯಲ್ಲಿ ಹೆಸರು ಒತ್ತಿ ಹಾರುವ ಸೌಲಭ್ಯ ಇರಲಿಲ್ಲ. ಬದಲಿಗೆ ‘ಸಿಲ್ಟ್ ಸ್ಟ್ರೈಡರ್’ ಎಂಬ ಪ್ರಾಣಿ: ಮರದಷ್ಟು ಉದ್ದದ ಕಾಲುಗಳ ದೈತ್ಯ ಕೀಟ. ಅದರ ಚಿಪ್ಪನ್ನು ಕೊರೆದು ಪ್ರಯಾಣಿಕರಿಗೆ ಜಾಗ ಮಾಡಿರುತ್ತಾರೆ, ಸಾರಥಿ ಒಳಗೆ ಕೂತು ಅದರ ನರಗಳನ್ನೇ ಎಳೆದು ನಡೆಸುತ್ತಾನೆ. ಇದು ಎಲ್ಲ ಊರಿಗೂ ಹೋಗುವುದಿಲ್ಲ, ಅದರದೇ ಮಾರ್ಗಗಳಿವೆ. ಸೇಡಾ ನೀನ್ ಎಂಬ ಹಳ್ಳಿಯಿಂದ ಬಾಲ್ಮೋರಾಕ್ಕೆ ಇದೆ, ಉತ್ತರದ ಆಲ್ಡ್‌ರೂನ್‌ಗೆ ನೇರ ಇಲ್ಲ. ಬಾಲ್ಮೋರಾದಲ್ಲಿ ಇಳಿದು ಬದಲಿಸಬೇಕು. ಕರಾವಳಿಯ ಊರುಗಳಿಗೆ ದೋಣಿ. ಮಾಂತ್ರಿಕರ ಸಂಘದ ಸದಸ್ಯರಿಗೆ ಸಂಘದ ಕಚೇರಿಗಳ ನಡುವೆ ಕ್ಷಣಾರ್ಧದ ಸಾಗಣೆ. ಹತ್ತಿರದ ದೇವಾಲಯಕ್ಕೆ ಎತ್ತಿ ಒಯ್ಯುವ ಒಂದು ಮಂತ್ರ, ಗುರುತು ಮಾಡಿಟ್ಟ ಜಾಗಕ್ಕೆ ಮರಳಿಸುವ ಇನ್ನೊಂದು ಮಂತ್ರ. ಇವೆಲ್ಲವನ್ನೂ ಜೋಡಿಸುವ ಕೆಲಸ ಆಟಗಾರನದು. ಡೊಂಬಿವಲಿಯಿಂದ ಅಂಧೇರಿಗೆ ಹೋಗುವವರು ದಾದರ್‌ನಲ್ಲಿ ಲೈನ್ ಬದಲಿಸಬೇಕೋ, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹಿಡಿಯಬೇಕೋ ಎಂದು ಲೆಕ್ಕ ಹಾಕುತ್ತಾರಲ್ಲ, ಆ ಬಗೆಯ ತಿಳಿವಳಿಕೆ ಇಲ್ಲಿ ಬೇಕು. ಹೊಸದಾಗಿ ಬಂದವನಿಗೆ ದ್ವೀಪ ಗೊಂದಲ. ನಲವತ್ತು ಗಂಟೆ ಆಡಿದವನಿಗೆ ಅದು ಸ್ವಂತ ಊರು.

ದಾರಿ ತೋರಿಸುವ ಬಾಣವೂ ಇರಲಿಲ್ಲ. ಊರ ಜನ ಬಾಯಲ್ಲೇ ಹೇಳುತ್ತಿದ್ದರು: ದಕ್ಷಿಣದ ಸೇತುವೆ ದಾಟಿ ಹೊಳೆಗುಂಟ ಹೋಗಿ, ಕವಲಿನಲ್ಲಿ ಪೂರ್ವಕ್ಕೆ ತಿರುಗಿ ಎಂಬ ಧಾಟಿಯಲ್ಲಿ. ಅದು ದಿನಚರಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು, ಆಟಗಾರ ಓದಿಕೊಂಡು ನಡೆಯಬೇಕಿತ್ತು. ಕವಲು ತಪ್ಪಿದರೆ ಬೇರೆಲ್ಲೋ ತಲುಪಿ, ಹುಡುಕದೇ ಇದ್ದ ಗುಹೆಯೊಂದು ಸಿಗುತ್ತಿತ್ತು. ವೇಗದ ಆಸೆಯನ್ನು ಆಟ ನಗೆಯಾಡಿದ ಪ್ರಸಂಗವೂ ಪ್ರಸಿದ್ಧ. ಮೊದಲ ಹಳ್ಳಿಯ ಆಚೆ ದಾರಿಯಲ್ಲಿ ನಡೆಯುತ್ತಿದ್ದರೆ ಆಕಾಶದಿಂದ ಒಬ್ಬ ಮಾಂತ್ರಿಕ ಕಿರುಚುತ್ತ ಬಂದು ಬಿದ್ದು ಸಾಯುತ್ತಾನೆ. ಅವನ ಬಳಿ ಅಗಾಧವಾಗಿ ನೆಗೆಯುವ ಮಂತ್ರದ ಮೂರು ಸುರುಳಿಗಳು. ಅದನ್ನು ಓದಿ ನೆಗೆದರೆ ದ್ವೀಪದ ದೊಡ್ಡ ಭಾಗವನ್ನೇ ದಾಟಬಹುದು. ಆದರೆ ಇಳಿಯುವ ಉಪಾಯ ಮೊದಲೇ ಯೋಚಿಸಿರದಿದ್ದರೆ ಅವನ ಗತಿಯೇ.

ಇಲ್ಲೂ ಮಬ್ಬಿನ ಪಾಲಿದೆ. ಆಗಿನ ಯಂತ್ರಗಳ ಮಿತಿಯಿಂದ ಮೊರೊವಿಂಡ್‌ನಲ್ಲಿ ತುಸು ದೂರದಾಚೆ ಏನೂ ಕಾಣುತ್ತಿರಲಿಲ್ಲ. ಮುಂದೆ ಅಭಿಮಾನಿಗಳೇ ತಯಾರಿಸಿದ ಮಾರ್ಪಾಡುಗಳು ಮಬ್ಬನ್ನು ಸರಿಸಿ ದೂರದ ನೆಲವನ್ನು ತೋರಿಸಿದಾಗ, ಗಂಟೆಗಟ್ಟಲೆ ನಡೆದು ತಲುಪಿದ್ದ ಮಹಾನಗರ ಮೊದಲ ಹಳ್ಳಿಯ ಆಸುಪಾಸಿನಿಂದಲೇ ಕಂಡಿತು. ಹಲವರು ಅಂಥ ಮಾರ್ಪಾಡು ಹಾಕಿಕೊಂಡ ಮೇಲೂ ನೋಟದ ದೂರವನ್ನು ಬೇಕೆಂದೇ ತಗ್ಗಿಸಿಟ್ಟುಕೊಳ್ಳುತ್ತಾರೆ.

ಬೇಡವಾದರೆ ಬಳಸಬೇಡಿ

2006ರ ‘ಆಬ್ಲಿವಿಯನ್’ ಈ ಇಡೀ ವ್ಯವಸ್ಥೆಯನ್ನು ತೆಗೆದುಹಾಕಿತು. ಕಂಡ ಜಾಗಕ್ಕೆಲ್ಲ ನಕ್ಷೆಯಿಂದಲೇ ಹಾರಬಹುದು; ದೊಡ್ಡ ನಗರಗಳಿಗಂತೂ ಕಾಣುವ ಮೊದಲೇ ಹಾರಬಹುದು. ಪರದೆಯ ಕೆಳಗೆ ದಿಕ್ಸೂಚಿ, ಅದರಲ್ಲಿ ಎಲ್ಲಿಗೆ ಹೋಗಬೇಕೆಂದು ತೋರಿಸುವ ಗುರುತು. ಪಾತ್ರಗಳ ಮಾತಿಗೆಲ್ಲ ದನಿ ಕೊಡಿಸಿದ ಆಟ ಅದು. ಉದ್ದುದ್ದ ದಾರಿ ವಿವರಣೆಗಳಿಗೆ ಅಲ್ಲಿ ಜಾಗವೂ ಉಳಿಯಲಿಲ್ಲ. ನೆಲ ಸುಮಾರು 41 ಚದರ ಕಿ.ಮೀ., ಮೊರೊವಿಂಡ್ ದ್ವೀಪಕ್ಕಿಂತ ಎಷ್ಟೋ ಹೆಚ್ಚು. ಆದರೂ ಎರಡನ್ನೂ ಆಡಿದ ಬಹಳ ಮಂದಿಗೆ ಇದೇ ಚಿಕ್ಕದು ಎನಿಸಿತು.

ಈ ಬದಲಾವಣೆಯನ್ನು ಸುಮ್ಮನೆ ತೆಗಳುವುದು ಸರಿಯಲ್ಲ. ಮನೆಗೆ ಬರುವಾಗ ರಾತ್ರಿ ಒಂಬತ್ತು, ಮಲಗುವ ಮೊದಲು ಸಿಗುವುದು ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಗಂಟೆ ಕಂಡ ದಾರಿಯಲ್ಲೇ ಮತ್ತೆ ನಡೆಯಬೇಕೆಂದರೆ ಯಾರಿಗೆ ಬೇಕು? ಹೊಸ ವ್ಯವಸ್ಥೆ ಅಂಥವರಿಗೂ ಆಟದ ಬಾಗಿಲು ತೆರೆಯಿತು, ಹಿಂದೆಂದೂ ಈ ಸರಣಿಯತ್ತ ಬಾರದಿದ್ದವರು ಬಂದರು. ದಾರಿ ಉದ್ದವಿದ್ದ ಮಾತ್ರಕ್ಕೆ ಅದರಲ್ಲಿ ಸುಖವೂ ಇರಬೇಕೆಂದಿಲ್ಲ. ಅದಕ್ಕೆ ಉದಾಹರಣೆ 1995ರ ಹೊತ್ತಿಗೆ ತಯಾರಾಗಿದ್ದ ‘ಡೆಸರ್ಟ್ ಬಸ್’ ಎಂಬ ಲೇವಡಿಯ ಆಟ. ಟೂಸಾನ್‌ನಿಂದ ಲಾಸ್ ವೇಗಸ್‌ಗೆ ಎಂಟು ಗಂಟೆ, ನಿಜವಾದ ಎಂಟು ಗಂಟೆ, ಖಾಲಿ ಮರುಭೂಮಿಯಲ್ಲಿ ಬಸ್ ಓಡಿಸಬೇಕು. ಬಸ್ಸು ಬಲಕ್ಕೆ ಎಳೆಯುತ್ತಿರುವುದರಿಂದ ಕೈ ಬಿಡುವ ಹಾಗಿಲ್ಲ. ತಲುಪಿದರೆ ಸಿಗುವುದು ಒಂದು ಅಂಕ.

ಫಾಸ್ಟ್ ಟ್ರಾವೆಲ್ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತು: ಬೇಡವಾದರೆ ಬಳಸಬೇಡಿ. ಆದರೆ ಈ ಉತ್ತರದಲ್ಲಿ ಒಂದು ಕೊರತೆಯಿದೆ. ಎಲ್ಲರೂ ಹಾರುತ್ತಾರೆ ಎಂದು ವಿನ್ಯಾಸಕಾರ ಮೊದಲೇ ನಂಬಿದರೆ, ಅವನು ಆಟ ಕಟ್ಟುವ ರೀತಿಯೇ ಬೇರೆಯಾಗುತ್ತದೆ. ಈ ಮೂಲೆಯವನ ಪತ್ರವನ್ನು ಆ ಮೂಲೆಯವನಿಗೆ ಕೊಟ್ಟು ಬರಲು ಹೇಳುವುದು ಅವನಿಗೆ ಸುಲಭವಾಗುತ್ತದೆ. ದಾರಿ ಹೇಳುವ ಮಾತನ್ನು ಬರೆಯುವ ಗೋಜಿಲ್ಲ. ಬಂಡಿ, ದೋಣಿಗಳ ಜಾಲ ಹೆಣೆಯುವ ಗೋಜೂ ಇಲ್ಲ. ಆಮೇಲೆ ಹಟ ಹಿಡಿದು ನಡೆಯಲು ಹೊರಟವನ ಪಾಲಿಗೆ ಉಳಿಯುವುದು ನಡೆಯಲೆಂದು ಕಟ್ಟಿಲ್ಲದ ಲೋಕ. ಮೇಲ್ಸೇತುವೆ ಬಂದ ಮೇಲೆ ಕೆಳಗಿನ ಕಾಲುದಾರಿಯನ್ನು ಯಾರೂ ದುರಸ್ತಿ ಮಾಡದ ಹಾಗೆ. 2011ರ ‘ಸ್ಕೈರಿಮ್’ ಊರ ಹೊರಗಿನ ಲಾಯಗಳ ಬಳಿ ಬಾಡಿಗೆ ಕುದುರೆಗಾಡಿಗಳನ್ನು ಮರಳಿ ತಂದಿತು. ಆದರೆ ನಕ್ಷೆಯ ಮೇಲೆ ಪುಕ್ಕಟೆ ಹಾರಾಟ ಹಾಗೇ ಉಳಿದಿದ್ದರಿಂದ, ಒಮ್ಮೆ ಕಂಡ ಊರಿಗೆ ಮತ್ತೆ ಗಾಡಿ ಹತ್ತುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈ ತಕರಾರು ಗೇಮ್‌ಗಳಿಗಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರೈಲು ಹೊಸದಾಗಿ ಬಂದಾಗ ನಡುವಿನ ಊರುಗಳೆಲ್ಲ ಅಳಿಸಿಹೋಗುತ್ತಿವೆ ಎಂದು ಹಲವರು ಬರೆದರು. ಇಂಗ್ಲೆಂಡಿನ ಜಾನ್ ರಸ್ಕಿನ್ ರೈಲು ಪ್ರಯಾಣಿಕನನ್ನು ಸಾಗಣೆಯ ಸರಕಿಗೆ ಹೋಲಿಸಿದ್ದ. ಜರ್ಮನಿಯ ಇತಿಹಾಸಕಾರ ವೋಲ್ಫ್‌ಗಾಂಗ್ ಶಿವೆಲ್‌ಬುಶ್ 1977ರಲ್ಲಿ ಈ ಅನುಭವದ ಮೇಲೆಯೇ ಒಂದು ಪುಸ್ತಕ ಬರೆದ. ಪುಣೆಯಲ್ಲಿ ರಾತ್ರಿ ಸ್ಲೀಪರ್ ಬಸ್ ಹತ್ತಿ ಮಲಗಿ ಬೆಳಗ್ಗೆ ಹುಬ್ಬಳ್ಳಿಯಲ್ಲಿ ಕಣ್ಣು ಬಿಡುವವರಿಗೂ ಇದು ಹೊಸದಲ್ಲ: ನಡುವಿನ ಸಾತಾರಾ, ಕೊಲ್ಲಾಪುರ, ನಿಪ್ಪಾಣಿ ಬರೀ ಬ್ರೇಕಿನ ಸದ್ದು. ಆದರೆ ಬಸ್ಸಿನವರು ಒಂದು ರಾತ್ರಿಯನ್ನೂ ಟಿಕೆಟಿನ ಹಣವನ್ನೂ ತೆತ್ತಿರುತ್ತಾರೆ. ಆಟದಲ್ಲಿ ಅದೂ ಇಲ್ಲ.

ಎರಡು ಲಿಫ್ಟುಗಳು

‘ಸ್ಕೈರಿಮ್’ ಬಂದ ವರ್ಷವೇ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯಿಂದ ‘ಡಾರ್ಕ್ ಸೋಲ್ಸ್’ ಬಂತು. ನಿರ್ದೇಶಕ ಹಿಡೆಟಕಾ ಮಿಯಾಝಾಕಿ. ಆಟದ ಅರ್ಧದವರೆಗೆ ಅಲ್ಲಿ ಹಾರಾಟವೇ ಇಲ್ಲ. ಫೈರ್‌ಲಿಂಕ್ ಎಂಬ ಪಾಳುಗುಡಿಯಿಂದ ಹೊರಟು, ಕೋಟೆ ಹತ್ತಿ, ಹತ್ತಾರು ಸಲ ಸತ್ತು, ಎತ್ತರದ ಚರ್ಚ್ ತಲುಪಿದವರಿಗೆ ಅಲ್ಲೊಂದು ಲಿಫ್ಟ್ ಕಾಣುತ್ತದೆ. ಇಳಿದರೆ ಅದೇ ಹಳೆಯ ಪಾಳುಗುಡಿ. ಗಂಟೆಗಳ ಹಾದಿ ಅರ್ಧ ನಿಮಿಷದ ಒಳದಾರಿಯಾಗಿಬಿಟ್ಟಿತು. ಇದೂ ಒಂದು ಬಗೆಯ ಫಾಸ್ಟ್ ಟ್ರಾವೆಲ್. ಆದರೆ ಆ ಇಳಿತದಲ್ಲಿ ಆಟಗಾರನಿಗೆ ಇಡೀ ಲೋಕ ಒಂದರ ಮೇಲೊಂದು ಹೇಗೆ ಕೂತಿದೆ ಎಂಬುದು ಮನಸ್ಸಿಗೆ ಹತ್ತುತ್ತದೆ.

2014ರ ‘ಡಾರ್ಕ್ ಸೋಲ್ಸ್ 2’ರಲ್ಲಿ ಮೊದಲಿನಿಂದಲೇ ಹಾರುವ ಸೌಲಭ್ಯ ಕೊಟ್ಟರು. ಅದರಲ್ಲೂ ಒಂದು ಲಿಫ್ಟ್ ಪ್ರಸಿದ್ಧ. ಗಾಳಿಯಂತ್ರವಿರುವ ಗೋಪುರದ ತುದಿಯಿಂದ ಲಿಫ್ಟ್ ಹತ್ತಿ ಮೇಲೆ ಹೋದರೆ, ಲಾವಾ ಕುದಿಯುವ ದೊಡ್ಡ ಕೋಟೆ. ಹೊರಗಿಂದ ನೋಡಿದರೆ ಗೋಪುರದ ಮೇಲೆ ಬರೀ ಆಕಾಶ. ಅಭಿಮಾನಿಗಳು ಇದನ್ನು ಇಂದಿಗೂ ಆಡಿಕೊಳ್ಳುತ್ತಾರೆ. ನಡೆದು ಹೋಗುವವರಿರುವಾಗ ನೆಲದ ಲೆಕ್ಕ ತಪ್ಪಿದರೆ ಬೇಗ ಬಯಲಾಗುತ್ತದೆ; ಹಾರುವವರ ಲೋಕದಲ್ಲಿ ಆ ಲೆಕ್ಕ ನೋಡುವವರು ಕಡಿಮೆ.

ಅಳತೆ ಹಿಡಿದವರು

ದಾರಿಯನ್ನು ಕುಗ್ಗಿಸದೆ ಯಾವ ಆಟವನ್ನೂ ಕಟ್ಟಲಾಗದು. ಕುಗ್ಗಿಸುವುದು ಹೇಗೆ ಎಂಬುದಕ್ಕೆ ಒಂದು ಸೊಗಸಾದ ಉತ್ತರ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್‌ನದು. ಅವರ ‘ಯೂರೊ ಟ್ರಕ್ ಸಿಮ್ಯುಲೇಟರ್ 2’ 2012ರಲ್ಲಿ ಬಂದಿತು. ಸರಕು ತುಂಬಿದ ಲಾರಿಯನ್ನು ಯುರೋಪಿನ ಹೆದ್ದಾರಿಗಳಲ್ಲಿ ಓಡಿಸುವುದೇ ಆಟ. ಅಲ್ಲಿ ಹೆದ್ದಾರಿ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿದೆ, ಗಡಿಯಾರ ಅದೇ ಪ್ರಮಾಣದಲ್ಲಿ ಹತ್ತೊಂಬತ್ತು ಪಟ್ಟು ವೇಗವಾಗಿ ಓಡುತ್ತದೆ. ಊರೊಳಗೆ ಬಂದಾಗ ರಸ್ತೆಯೂ ಹಿಗ್ಗುತ್ತದೆ, ಗಡಿಯಾರವೂ ನಿಧಾನವಾಗುತ್ತದೆ. ದೂರ ಮತ್ತು ಹೊತ್ತು ಜೊತೆಯಾಗಿ ಕುಗ್ಗುವುದರಿಂದ ಡ್ರೈವರ್‌ಗೆ ನಿದ್ದೆ ಬರುವುದು, ಡೀಸೆಲ್ ಮುಗಿಯುವುದು, ಕತ್ತಲಾಗುವುದು ಎಲ್ಲ ತಾಳ ತಪ್ಪದೆ ನಡೆಯುತ್ತದೆ. 2016ರಲ್ಲಿ ಅದೇ ಕಂಪನಿ ಅಮೆರಿಕದ ಹೆದ್ದಾರಿಗಳ ಆಟವನ್ನು ಮೂವತ್ತೈದಕ್ಕೆ ಒಂದರ ಅಳತೆಯಲ್ಲಿ ತಂದಾಗ ಲಾರಿ ಓಡಿಸುವವರು ದಾರಿ ಸಾಲದು ಎಂದು ದೂರಿದರು. ಕಂಪನಿ ಇಡೀ ನಕ್ಷೆಯನ್ನು ಇಪ್ಪತ್ತಕ್ಕೆ ಒಂದರ ಅಳತೆಗೆ ಹಿಗ್ಗಿಸಿ ಮತ್ತೆ ಹೆಣೆಯಿತು. ದಾರಿ ಉದ್ದ ಮಾಡಿಕೊಡಿ ಎಂದು ಕೇಳುವ ಗಿರಾಕಿಗಳೂ ಇದ್ದಾರೆ.

ಇನ್ನೊಂದು ಉತ್ತರ ನಿಂಟೆಂಡೊದ್ದು. 2017ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ತಯಾರಿಸುವಾಗ ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ತನ್ನ ಊರು ಕ್ಯೋಟೊದ ನಕ್ಷೆಯನ್ನು ಆಟದ ಲೋಕದ ಮೇಲೆ ಹೊದಿಸಿ ನೋಡಿದರು. ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ಹೊತ್ತು ಎಂಬುದು ಕಾಲಿಗೆ ಗೊತ್ತಿರುವ ಊರನ್ನೇ ಅಳತೆಗೋಲು ಮಾಡಿಕೊಂಡರು. ನೆಲವನ್ನು ಚಿಕ್ಕ, ದೊಡ್ಡ ತ್ರಿಕೋನಗಳ ಹಾಗೆ ರೂಪಿಸಿದರು. ಗುಡ್ಡ ಎದುರಾದರೆ ಹತ್ತಬೇಕೋ ಬಳಸಬೇಕೋ ಎಂಬ ಪ್ರಶ್ನೆ, ಬಳಸಿದರೆ ಹಿಂದೆ ಅಡಗಿದ್ದ ಏನೋ ಒಂದು. ಅಲ್ಲಿ 120 ಗುಡಿಗಳಿವೆ, ಕಂಡುಹಿಡಿದ ಗುಡಿಗೆ ಮತ್ತೆ ಯಾವಾಗ ಬೇಕಾದರೂ ಹಾರಬಹುದು. ಆದರೆ ಮೊದಲ ಸಲ ಕಾಲ್ನಡಿಗೆಯೇ ಗತಿ. ಗೋಪುರ ಹತ್ತಿದರೆ ನಕ್ಷೆ ಸಿಗುತ್ತದೆ, ಎಲ್ಲಿ ಏನಿದೆ ಎಂಬ ಗುರುತುಗಳು ಸಿಗುವುದಿಲ್ಲ. ಕಣ್ಣಿಂದ ನೋಡಿ ತಾನೇ ಹಾಕಿಕೊಳ್ಳಬೇಕು.

ಬೆಲೆ ಯಾರಿಗೆ

ಇದುವರೆಗೆ ಎಷ್ಟೇ ವೇಗವಾಗಿ ಹಾರಿದರೂ ಒಂದು ಸಣ್ಣ ತಡೆ ಉಳಿದಿತ್ತು: ಹೊಸ ಜಾಗವನ್ನು ಡಿಸ್ಕಿನಿಂದ ಎತ್ತಿಕೊಳ್ಳುವಾಗಿನ ಲೋಡಿಂಗ್ ಪರದೆ. 2018ರ ‘ಸ್ಪೈಡರ್‌ಮ್ಯಾನ್’ ಆಟದಲ್ಲಿ ಆ ಹೊತ್ತು ಕಳೆಯಲು ಜೇಡಮಾನವನನ್ನು ನ್ಯೂಯಾರ್ಕಿನ ಮೆಟ್ರೊದಲ್ಲಿ ಬೇರೆ ಪ್ರಯಾಣಿಕರ ಪಕ್ಕ ಕೂರಿಸಿ ತೋರಿಸುತ್ತಿದ್ದರು. 2023ರ ‘ಸ್ಪೈಡರ್‌ಮ್ಯಾನ್ 2’ರಲ್ಲಿ ಹೊಸ ಬಗೆಯ ಸಂಗ್ರಹಣಾ ಸಾಧನದಿಂದಾಗಿ ಆ ತಡೆಯೂ ಹೋಯಿತು, ನಕ್ಷೆ ಒತ್ತಿದ ಕ್ಷಣವೇ ಆ ಬೀದಿ. ಅದೇ ವರ್ಷ ಬೆಥೆಸ್ಡ ‘ಸ್ಟಾರ್‌ಫೀಲ್ಡ್’ ತಂದಿತು: ಸಾವಿರಕ್ಕೂ ಹೆಚ್ಚು ಗ್ರಹಗಳು. ಆದರೆ ಗ್ರಹದಿಂದ ಗ್ರಹಕ್ಕೆ ಹೋಗುವುದೆಂದರೆ ಬಹುಪಾಲು ಪಟ್ಟಿಗಳಲ್ಲಿ ಹೆಸರು ಆರಿಸಿ ಲೋಡಿಂಗ್ ಪರದೆ ನೋಡುವುದು. ಬಾಹ್ಯಾಕಾಶವೇ ಕಾಣೆಯಾಗಿದೆ ಎಂಬುದು ಅದರ ಬಗ್ಗೆ ಪದೇ ಪದೇ ಕೇಳಿಬಂದ ದೂರು. ಮಬ್ಬು ಕವಿದ ಪುಟ್ಟ ದ್ವೀಪವನ್ನು ಖಂಡದಷ್ಟು ದೊಡ್ಡದಾಗಿಸಿದ ಕಂಪನಿಯೇ ಇಪ್ಪತ್ತೊಂದು ವರ್ಷಗಳ ಬಳಿಕ ಆಕಾಶವನ್ನು ಕೋಣೆಗಳ ಸಾಲಾಗಿಸಿತ್ತು.

2024ರ ಮಾರ್ಚ್‌ನಲ್ಲಿ ಕ್ಯಾಪ್‌ಕಾಮ್‌ನ ‘ಡ್ರ್ಯಾಗನ್ಸ್ ಡಾಗ್ಮಾ 2’ ಈ ಚರ್ಚೆಯನ್ನು ಬೀದಿಗೆ ತಂದಿತು. ಪಯಣ ಬೇಸರ ತರಿಸಿದರೆ ತಪ್ಪು ಪಯಣದ್ದಲ್ಲ, ಆಟದ್ದು ಎಂಬರ್ಥದ ಮಾತನ್ನು ನಿರ್ದೇಶಕ ಹಿಡೆಆಕಿ ಇಟ್ಸುನೊ ಬಿಡುಗಡೆಗೆ ಮುಂಚೆಯೇ ಹೇಳಿದ್ದರು. ಆಟದಲ್ಲಿ ಎತ್ತಿನ ಗಾಡಿಗಳಿವೆ. ಕೂತು ತೂಕಡಿಸಬಹುದು, ನಡುದಾರಿಯಲ್ಲಿ ರಾಕ್ಷಸರು ಎಗರಿ ಗಾಡಿ ಪುಡಿಯಾಗಲೂಬಹುದು. ಹಾರಲು ಬೇಕಾದ ಕಲ್ಲುಗಳು ಅಪರೂಪ, ಹಾರಿ ತಲುಪುವ ಜಾಗವನ್ನು ಗುರುತಿಸುವ ಸ್ಫಟಿಕಗಳು ಇನ್ನೂ ಅಪರೂಪ. ಆದರೆ ಬಿಡುಗಡೆಯ ದಿನ ಅಂಗಡಿಯ ಪುಟ ನೋಡಿದವರು ಕೆರಳಿದರು: ಅಂಥ ಸ್ಫಟಿಕವೊಂದನ್ನು ನಿಜವಾದ ದುಡ್ಡಿಗೆ ಮಾರಾಟಕ್ಕಿಟ್ಟಿದ್ದರು. ಕೊಳ್ಳಬಹುದಾದದ್ದು ಒಂದೇ, ಅದಿಲ್ಲದೆಯೂ ಆಟ ಮುಗಿಯುತ್ತದೆ, ಆಟದೊಳಗೂ ಸಿಗುತ್ತದೆ. ಆದರೂ ಸಿಟ್ಟಿಗೆ ಅರ್ಥವಿತ್ತು. ದಾರಿ ಉದ್ದವಾಗಿದ್ದುದು ಆಟ ಚೆನ್ನಾಗಿರಲಿ ಎಂದೋ, ಟೋಲ್ ವಸೂಲಿಗೆಂದೋ ಎಂಬ ಅನುಮಾನ ಒಮ್ಮೆ ಹೊಕ್ಕರೆ, ನಡೆಯುವವನ ಕಾಲಿಗೆ ಮೊದಲಿನ ಉತ್ಸಾಹ ಬರುವುದಿಲ್ಲ.

ಹೀಗೆ ನೋಡುವಾಗ ವೇಗ ಮತ್ತು ಹಿರಿಮೆ ಒಂದಕ್ಕೊಂದು ಶತ್ರುಗಳಲ್ಲ ಎಂದು ತೋರಿಸಿದ ಆಟವಾಗಿ 2019ರ ‘ಡೆತ್ ಸ್ಟ್ರ್ಯಾಂಡಿಂಗ್’ ನೆನಪಾಗುತ್ತದೆ. ಹಿಡಿಯೊ ಕೊಜಿಮಾ ಅವರ ಈ ಆಟದ ನಾಯಕ ಒಬ್ಬ ಹಮಾಲಿ. ಛಿದ್ರವಾದ ಅಮೆರಿಕದ ಊರುಗಳಿಗೆ ಬೆನ್ನ ಮೇಲೆ ಸರಕು ಹೊತ್ತು ತಲುಪಿಸುವುದೇ ಅವನ ಕೆಲಸ. ಹೊರೆ ವಾಲಿದರೆ ಮುಗ್ಗರಿಸುತ್ತಾನೆ, ಹೊಳೆಯ ಆಳ ತಪ್ಪಿ ಅಂದಾಜಿಸಿದರೆ ಸರಕು ಕೊಚ್ಚಿಹೋಗುತ್ತದೆ. ಮೊದಲ ಸಲ ಒಂದು ಕಣಿವೆ ದಾಟಲು ಅರ್ಧ ಗಂಟೆ. ಆಮೇಲೆ ಅಲ್ಲೊಂದು ಏಣಿ, ಇಲ್ಲೊಂದು ಹಗ್ಗ. ಬೇರೆಲ್ಲೋ ಆಡುತ್ತಿರುವ ಅಪರಿಚಿತರು ಬಿಟ್ಟುಹೋದ ಏಣಿಗಳೂ ಅಲ್ಲಿ ಕಾಣಿಸಿಕೊಳ್ಳುತ್ತವೆ. ಎಲ್ಲರೂ ಸಾಮಗ್ರಿ ಹಾಕಿ ಹೆದ್ದಾರಿ ಕಟ್ಟುತ್ತಾರೆ, ಗುಡ್ಡದಿಂದ ಗುಡ್ಡಕ್ಕೆ ತಂತಿ ಎಳೆಯುತ್ತಾರೆ. ಕೊನೆಗೆ ಅದೇ ಕಣಿವೆಯನ್ನು ತಂತಿಯ ಮೇಲೆ ಜಾರಿ ಕ್ಷಣಗಳಲ್ಲಿ ದಾಟುವಾಗ, ಕೆಳಗೆ ಮುಗ್ಗರಿಸಿದ ಬಂಡೆ ಯಾವುದೆಂದು ಆಟಗಾರನಿಗೆ ಗೊತ್ತಿರುತ್ತದೆ. ನೆಲ ಚಿಕ್ಕದಾಗುವುದಿಲ್ಲ.

ಆ ಆಟದಲ್ಲೂ ನಕ್ಷೆಯ ಮೇಲಿಂದ ನೇರ ಹಾರುವ ಸೌಲಭ್ಯವಿದೆ. ಒಂದೇ ನಿಯಮ: ಹೊರೆಯನ್ನು ಜೊತೆಗೆ ಒಯ್ಯುವ ಹಾಗಿಲ್ಲ. ಕೈ ಬೀಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರಿಗಾದರೂ ಏನನ್ನಾದರೂ ತಲುಪಿಸಬೇಕೆಂದಿದ್ದರೆ ದಾರಿ ಸವೆಸಲೇಬೇಕು. ರಾತ್ರಿಯ ಮುಕ್ಕಾಲು ಗಂಟೆಯಷ್ಟೇ ಇರುವವನನ್ನು ಈ ನಿಯಮ ಶಿಕ್ಷಿಸುವುದಿಲ್ಲ. ಅವನು ಇಂದು ಒಂದು ಏಣಿ ಇಟ್ಟು ಮಲಗಬಹುದು. ನಾಳೆ ಕಣಿವೆ ಅಷ್ಟು ಸಲೀಸಾಗಿರುತ್ತದೆ, ಅವನಿಗೂ, ಅವನು ಎಂದೂ ಭೇಟಿಯಾಗದ ಇನ್ನೊಬ್ಬನಿಗೂ.